ಕ್ಲೌಡ್ ಬಿಟ್ಟು ಸ್ವಂತ ಸರ್ವರ್‌ಗೆ: ಡೇಟಾಬೇಸ್ ಸಾಗಿಸಿದ ಬಗೆ

ಸರ್ವರ್ ಕೊಳ್ಳುವ ಮೊದಲು ಮೂರು ತಿಂಗಳ ಕ್ಲೌಡ್ ಬಿಲ್ ಬಿಡಿಸಿ ಓದಬೇಕು. ನಮ್ಮದರಲ್ಲಿ ಸಿಪಿಯು, ರ‍್ಯಾಮ್‌ಗೆ ಹೋಗುತ್ತಿದ್ದ ದುಡ್ಡು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಹೊರಹೋಗುವ ಡೇಟಾ, ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳು ಇಂಟರ್ನೆಟ್‌ಗೆ ಹೋಗುವ ಬಾಗಿಲು), ಲಾಗ್ ಸಂಗ್ರಹ, ಎಂದೋ ತೆಗೆದು ಮರೆತ ಡಿಸ್ಕ್ ನಕಲುಗಳು, ಅಂದರೆ ಸ್ನ್ಯಾಪ್‌ಶಾಟ್. ಚಿಲ್ಲರೆ ಬಾಬ್ತುಗಳನ್ನೂ ಬಿಡಬೇಡಿ: 2024ರ ಫೆಬ್ರುವರಿ 1ರಿಂದ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತದೆ, ಅಂದರೆ ತಿಂಗಳಿಗೆ ಸುಮಾರು 3.65.

ಆಮೇಲೆ ಲೋಡ್. ಬೇಕೆಂದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸುವುದೇ ಕ್ಲೌಡ್‌ನ ಬಲ. ನಮ್ಮದು ಬಿಲ್ಲಿಂಗ್ ತಂತ್ರಾಂಶ. ಜಿಎಸ್‌ಟಿ ರಿಟರ್ನ್‌ನ 11 ಮತ್ತು 20ನೇ ತಾರೀಖಿನ ಹಿಂದುಮುಂದೂ ಲೋಡ್ ಎರಡರಷ್ಟು ದಾಟುವುದಿಲ್ಲ. ಇಂಥ ಕೆಲಸಕ್ಕೆ ಕ್ಲೌಡ್ ಹಿಡಿಯುವುದು ಕಲ್ಯಾಣ ಮಂಟಪ ಬಾಡಿಗೆಗೆ ಪಡೆದು ಅಲ್ಲೇ ಸಂಸಾರ ಹೂಡಿದ ಹಾಗೆ. ಹಲವು ಸರ್ವರ್‌ಗಳಲ್ಲಿ ಪ್ರೋಗ್ರಾಂ ಹಂಚಿ ಓಡಿಸುವ ಕುಬರ್ನೆಟೀಸನ್ನೂ ಬಿಟ್ಟೆವು. ಎರಡು ಪ್ರೋಗ್ರಾಂ ಓಡಿಸಲು ಲಿನಕ್ಸ್‌ನ ಜೊತೆಗೇ ಬರುವ ಸಿಸ್ಟಮ್‌ಡಿ ಧಾರಾಳ.

ಡೇಟಾ ಸೆಂಟರಿನಲ್ಲಿ ಇಟ್ಟದ್ದು ಒಂದೇ ಬಗೆಯ ಎರಡು ಯಂತ್ರ: 16 ಕೋರ್, ತಪ್ಪು ತಾನೇ ತಿದ್ದಿಕೊಳ್ಳುವ 128 ಜಿಬಿ ಇಸಿಸಿ ರ‍್ಯಾಮ್, ರೇಡ್ 1ರಲ್ಲಿ (ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾ) 1.92 ಟಿಬಿಯ ಎರಡೆರಡು ಎನ್‌ವಿಎಂಇ ಡಿಸ್ಕ್. ಡಿಸ್ಕ್‌ನಲ್ಲಿ ಜಿಪುಣತನ ಬೇಡ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಪ್ರತಿ ಕಮಿಟ್‌ಗೂ ಎಫ್‌ಸಿಂಕ್, ಅಂದರೆ ಡೇಟಾ ಡಿಸ್ಕ್‌ಗೆ ಖಚಿತವಾಗಿ ಸೇರುವುದು, ಮುಗಿಯುವವರೆಗೆ ಕಾಯುತ್ತದೆ. ಕರೆಂಟ್ ಹೋದರೂ ಕ್ಯಾಶೆ ಉಳಿಸುವ ಕೆಪಾಸಿಟರ್ ಇರುವ ಡಿಸ್ಕ್ ತಕ್ಷಣ ಉತ್ತರ ಕೊಡುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ, ಬರವಣಿಗೆ ತೆವಳುತ್ತದೆ. ಎರಡೂ ಯಂತ್ರಗಳಲ್ಲಿ ಓಎಸ್ ಆವೃತ್ತಿಯೂ ಒಂದೇ ಇರಲಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಬೇರೆಯಾದರೆ ಅಕ್ಷರಗಳ ವಿಂಗಡಣೆ ಕ್ರಮ ಬದಲಾಗಬಹುದು, ಆಗ ಮೊದಲನೆಯದರ ನಕಲು ಇಟ್ಟುಕೊಂಡಿರುವ ಸ್ಟ್ಯಾಂಡ್‌ಬೈ ಯಂತ್ರದ ಇಂಡೆಕ್ಸ್ ಸದ್ದಿಲ್ಲದೆ ಕೆಡುತ್ತದೆ.

ಸಾಗಿಸಲು ಲಾಜಿಕಲ್ ರೆಪ್ಲಿಕೇಷನ್ ಬಳಸಿದೆವು, ಅಂದರೆ ಹಳೆಯ ಡೇಟಾಬೇಸ್‌ನ ಬದಲಾವಣೆಗಳು ಆಗಿಂದಾಗ್ಗೆ ಹೊಸದಕ್ಕೂ ಹರಿಯುವ ವ್ಯವಸ್ಥೆ. ಮೊದಲು ಸ್ಕೀಮಾ (ಟೇಬಲ್‌ಗಳ ರಚನೆ) ಮಾತ್ರ ಡಂಪ್ ಮಾಡಿ ಹೊಸದರಲ್ಲಿ ಹಾಕಿ, ಹಳೆಯದರಲ್ಲಿ ಕಳಿಸಲು ಪಬ್ಲಿಕೇಷನ್, ಹೊಸದರಲ್ಲಿ ಪಡೆಯಲು ಸಬ್‌ಸ್ಕ್ರಿಪ್ಷನ್. ಪ್ರೈಮರಿ ಕೀ ಇಲ್ಲದ ಟೇಬಲ್‌ಗಳಿಗೆ ಮೊದಲೇ ರೆಪ್ಲಿಕಾ ಐಡೆಂಟಿಟಿ (ಯಾವ ಸಾಲು ಬದಲಾಯಿತೆಂದು ಗುರುತಿಸುವ ಬಗೆ) ಕೊಡದಿದ್ದರೆ ಹಳೆಯ ಕಡೆಯಲ್ಲೇ ಅಪ್‌ಡೇಟ್, ಡಿಲೀಟ್ ಎರಡೂ ಎರರ್ ಆಗುತ್ತವೆ. ಸ್ಕೀಮಾ ಬದಲಾವಣೆ ದಾಟಿ ಬರುವುದಿಲ್ಲ. ಮುಗಿಯುವವರೆಗೆ ಆಲ್ಟರ್ ಟೇಬಲ್ ಬಂದ್.

ಡಿಎನ್‌ಎಸ್ ಟಿಟಿಎಲ್ ಅನ್ನು (ಸರ್ವರ್ ವಿಳಾಸವನ್ನು ಬೇರೆ ಯಂತ್ರಗಳು ನೆನಪಿಟ್ಟುಕೊಳ್ಳುವ ಅವಧಿ) ಎರಡು ದಿನ ಮೊದಲೇ 60 ಸೆಕೆಂಡಿಗೆ ಇಳಿಸಿದೆವು. ಬದಲಾಯಿಸುವ ರಾತ್ರಿ ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ದಾಟಬೇಕಿದ್ದ ಬಾಕಿ ಸೊನ್ನೆಗೆ ಬಂದ ಮೇಲೆ ಹೊಸ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳನ್ನು ಸೆಟ್‌ವ್ಯಾಲ್‌ನಿಂದ ಮುಂದಕ್ಕೆ ತಂದೆವು. ಲಾಜಿಕಲ್ ರೆಪ್ಲಿಕೇಷನ್ ಅವುಗಳ ಸಂಖ್ಯೆಯನ್ನು ತಾನಾಗಿ ತರಲಿಲ್ಲ. ಮರೆತರೆ ಹೊಸ ಡೇಟಾಬೇಸ್‌ನ ಮೊದಲ ಇನ್‌ವಾಯ್ಸೇ ಡುಪ್ಲಿಕೇಟ್ ಕೀ ಎಂದು ಬೀಳುತ್ತದೆ. ಕೈಯಾರೆ ಅನಲೈಸ್ (ಕ್ವೆರಿ ಯೋಜನೆಗೆ ಬೇಕಾದ ಅಂಕಿಅಂಶ ಸಂಗ್ರಹ) ಓಡಿಸಿ, ಆಮೇಲೆ ಬಳಕೆದಾರರನ್ನು ಒಳಗೆ ಬಿಡಿ.

ಹಳೆಯ ಕಡೆ ಉಳಿದ ರೆಪ್ಲಿಕೇಷನ್ ಸ್ಲಾಟ್ (ಹೊಸದು ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಅಳಿಸಲೇಬೇಕು. ಹಿಂತಿರುಗುವ ದಾರಿ ಇರಲಿ ಎಂದು ಹಳೆಯದನ್ನು ಹದಿನೈದು ದಿನ ಓಡಲು ಬಿಡುವವರು ಇದನ್ನೇ ಮರೆಯುತ್ತಾರೆ: ಓದುವವರಿಲ್ಲದ ಸ್ಲಾಟ್ ಪ್ರತಿ ಬದಲಾವಣೆಯನ್ನೂ ದಾಖಲಿಸುವ ವಾಲ್ ಕಡತಗಳನ್ನು ಹಿಡಿದಿಟ್ಟು ಡಿಸ್ಕ್ ತುಂಬಿಸುತ್ತದೆ, ಡಿಸ್ಕ್ ತಾನಾಗಿ ಬೆಳೆಯುವಂತೆ ಇಟ್ಟಿದ್ದರೆ ಬಿಲ್ಲೂ ಬೆಳೆಯುತ್ತದೆ.

ಕ್ಲೌಡನ್ನು ಪೂರ್ತಿ ಬಿಡಲಿಲ್ಲ. ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ತಂತ್ರಾಂಶ ಪಿಜಿಬ್ಯಾಕ್‌ರೆಸ್ಟ್ ಮೂಲಕ ಬ್ಯಾಕಪ್ ಅಲ್ಲಿನ ಆಬ್ಜೆಕ್ಟ್ ಸ್ಟೋರೇಜಿಗೇ ಹೋಗುತ್ತದೆ. ಡೇಟಾ ಒಳಗೆ ಕಳಿಸಲು ಸಾಮಾನ್ಯವಾಗಿ ಕಾಸಿಲ್ಲ, ಹೊರಗೆ ತರಲು ಮಾತ್ರ. ತಿಂಗಳಿಗೊಮ್ಮೆ ಪೂರ್ತಿ ರಿಸ್ಟೋರ್ ಮಾಡಿ ನೋಡುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದ್ದೇವೆ, ರ‍್ಯಾಕ್‌ನಲ್ಲಿ ಇಟ್ಟಿರುವ ಬಿಡಿ ಡಿಸ್ಕ್‌ನ ಬೆಲೆಯನ್ನೂ.