ಹೊಸ ಟೂಲ್ ಬರೆಯುವ ಮೊದಲು ಹಳೆಯದರ ಆಪ್ಷನ್ ನೋಡಿ

ಕಮಾಂಡ್ ಲೈನ್‌ಗೆ ಹೊಸ ಟೂಲ್ ಬರೆಯುತ್ತಿದ್ದೀರಾ? ಆಪ್ಷನ್‌ಗಳಿಗೆ ಅಕ್ಷರ ಆರಿಸುವ ಮೊದಲು, ಅಂಥದೇ ಕೆಲಸ ಮಾಡುವ ಹಳೆಯ ಟೂಲ್‌ನ ಮ್ಯಾನ್ ಪೇಜ್ (ಬಳಕೆಯ ಕೈಪಿಡಿ) ತೆರೆದಿಟ್ಟುಕೊಳ್ಳಿ. ಬಳಸುವವರ ಬೆರಳಿಗೆ ಅದರ ಆಪ್ಷನ್‌ಗಳು ಆಗಲೇ ರೂಢಿಯಾಗಿರುತ್ತವೆ.

ಪಠ್ಯ ಹುಡುಕುವ ಟೂಲ್ ಆದರೆ ಅದೇ ಕೆಲಸದ ಹಳೆಯ ಟೂಲ್ ಗ್ರೆಪ್‌ನ ದಾರಿಯಲ್ಲೇ ಹೋಗಿ: ‘-ಐ’ ಅಂದರೆ ದೊಡ್ಡಕ್ಷರ, ಸಣ್ಣಕ್ಷರ ಭೇದವಿಲ್ಲ, ‘-ಎನ್’ ಸಾಲಿನ ಸಂಖ್ಯೆ, ‘-ವಿ’ ಹೊಂದದ ಸಾಲುಗಳು. ಬೇರೆ ಎಷ್ಟೋ ಕಡೆ ‘-ವಿ’ ಅಂದರೆ ವರ್ಬೋಸ್ (ಹೆಚ್ಚು ವಿವರ ತೋರಿಸು), ನಿಜ. ಆದರೂ ಇಲ್ಲಿ ಗ್ರೆಪ್‌ನದೇ ಸರಿ, ನಿಮ್ಮ ಬಳಕೆದಾರರು ಅಲ್ಲಿಂದಲೇ ಬರುವವರು.

ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್‌ (ಸಂಪರ್ಕದ ದ್ವಾರದ ಸಂಖ್ಯೆ) ಹೇಳಲು ಸಣ್ಣಕ್ಷರದ ‘-ಪಿ’, ಕಂಪ್ಯೂಟರ್‌ಗಳ ನಡುವೆ ಫೈಲ್ ನಕಲಿಸುವ ಎಸ್‌ಸಿಪಿಯಲ್ಲಿ ದೊಡ್ಡಕ್ಷರದ್ದು. ಫೈಲ್ ನಕಲಿಸುವ ಹಳೆಯ ಟೂಲ್ ಸಿಪಿಯಲ್ಲಿ ಸಣ್ಣ ‘-ಪಿ’ ಫೈಲ್‌ನ ಸಮಯ, ಅನುಮತಿಗಳನ್ನು ಹಾಗೇ ಉಳಿಸುತ್ತದೆ. ಎಸ್‌ಸಿಪಿಯೂ ಅದನ್ನೇ ಪಾಲಿಸಿದೆ, ಹಾಗಾಗಿ ಅಲ್ಲಿ ಪೋರ್ಟ್‌ಗೆ ದೊಡ್ಡಕ್ಷರ. ಎರಡು ಹಳೆಯ ಟೂಲ್‌ಗಳ ನಡುವೆ ಸಿಕ್ಕಿಕೊಂಡಾಗ, ಕೆಲಸದಲ್ಲಿ ಯಾವುದು ಹತ್ತಿರವೋ ಅದನ್ನೇ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮುಖ್ಯ ವಿಷಯ. ಏನನ್ನಾದರೂ ಅಳಿಸುವ ಟೂಲ್ ಆದರೆ ‘-ಎನ್’ ಅನ್ನು ಡ್ರೈ ರನ್‌ಗೇ (ನಿಜವಾಗಿ ಮಾಡದೆ, ಏನಾಗುತ್ತದೆಂದು ತೋರಿಸುವುದಕ್ಕೆ) ಬಿಡಿ. ಪ್ರೋಗ್ರಾಂ ಕಟ್ಟುವ ಮೇಕ್, ಫೈಲ್‌ಗಳನ್ನು ಹೊಂದಿಸಿ ನಕಲಿಸುವ ಆರ್‌ಸಿಂಕ್, ಗಿಟ್‌ನಲ್ಲಿ ಬೇಡದ ಫೈಲ್ ಅಳಿಸುವ ಗಿಟ್ ಕ್ಲೀನ್ ಮೂರರಲ್ಲೂ ಹಾಗೇ ಇದೆ. ಅದಕ್ಕೆ ‘ಕೇಳದೆ ಮುಂದುವರಿ’ ಎಂಬ ಅರ್ಥ ಕೊಟ್ಟರೆ ಯಾರದೋ ಡೇಟಾ ಹೋದೀತು. ಹಳೆಯದರಲ್ಲಿ ಇಲ್ಲದ ಸೌಲಭ್ಯಕ್ಕೆ ಸದ್ಯ ಉದ್ದ ಹೆಸರಿನ ಆಪ್ಷನ್ ಸಾಕು, ಒಂದಕ್ಷರದ್ದನ್ನು ಆಮೇಲೆ ಬೇಕಾದರೆ ಸೇರಿಸಬಹುದು.