ಸ್ಟೀವನ್‌ಸನ್ ಎದುರು ಸಾವೊನ್: ನಡೆಯದ ಪಂದ್ಯವನ್ನು ನಾನು ಕಟ್ಟಿ ನೋಡುವ ಬಗೆ

ಟಿಯೋಫಿಲೊ ಸ್ಟೀವನ್‌ಸನ್ ಮತ್ತು ಫೆಲಿಕ್ಸ್ ಸಾವೊನ್ ರಿಂಗ್‌ನಲ್ಲಿ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಅಮೆಚೂರ್ (ವೃತ್ತಿಪರವಲ್ಲದ) ಬಾಕ್ಸಿಂಗ್ ಹಚ್ಚಿಕೊಂಡವರು ಸೇರಿದಲ್ಲೆಲ್ಲ ಈ ಮಾತು ಬಂದೇ ಬರುತ್ತದೆ. ಇಬ್ಬರೂ ಕ್ಯೂಬಾದವರು, ಇಬ್ಬರಿಗೂ ಮೂರು ಮೂರು ಒಲಿಂಪಿಕ್ ಚಿನ್ನ. ಸ್ಟೀವನ್‌ಸನ್‌ಗೆ 1972, 1976, 1980ರಲ್ಲಿ. ಸಾವೊನ್‌ಗೆ 1992, 1996, 2000ದಲ್ಲಿ. ಹುಡುಗರಿಗೆ ಬಾಕ್ಸಿಂಗ್ ಕಲಿಸುವ ನನಗೆ ಇದು ಹರಟೆಯ ವಿಷಯವಲ್ಲ. ಇಂಥ ಪಂದ್ಯ ಕಟ್ಟಿ ನೋಡುವಾಗ, ಎತ್ತರದ ಬಾಕ್ಸರ್‌ಗೆ ಪೆಟ್ಟು ಎಲ್ಲಿಂದ ಬರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಮನದಟ್ಟಾಗುತ್ತದೆ.

ಹಾಳೆಯಲ್ಲಿ ನಾನು ಮೊದಲು ಬರೆಯುವುದು ವರ್ಷ. ವರ್ಷ ತಿಳಿದರೆ ನಿಯಮ ತಿಳಿಯುತ್ತದೆ. ಸ್ಟೀವನ್‌ಸನ್ ಒಲಿಂಪಿಕ್ಸ್ ಆಡಿದ ಕಾಲದಲ್ಲಿ 81 ಕೆ.ಜಿ. ದಾಟಿದವರೆಲ್ಲ ಒಂದೇ ವಿಭಾಗ, ತಲೆಗೆ ಪೆಟ್ಟು ತಡೆಯುವ ಹೆಡ್‌ಗಾರ್ಡ್ ಇರಲಿಲ್ಲ. 1984ರ ಒಲಿಂಪಿಕ್ಸ್ ಹೊತ್ತಿಗೆ ಹೆವಿವೇಟ್‌ಗೆ 91 ಕೆ.ಜಿ. ಮಿತಿ ಬಂತು, ಅದರ ಮೇಲೆ ಸೂಪರ್ ಹೆವಿವೇಟ್ ಹುಟ್ಟಿತು, ಹೆಡ್‌ಗಾರ್ಡೂ ಬಂತು. 1986ರಲ್ಲಿ ಅಮೆರಿಕದ ರೆನೊ ಊರಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವರಿಬ್ಬರೂ ಚಿನ್ನ ಗೆದ್ದರು. ಆದರೆ ಸಾವೊನ್ 91ರ ಒಳಗೆ, ಸ್ಟೀವನ್‌ಸನ್ ಅದರ ಮೇಲೆ! ಒಂದೇ ತಂಡ, ಒಂದೇ ಊರು, ಬೇರೆ ಬೇರೆ ವಿಭಾಗ. ಹಾಗಾಗಿ ವರ್ಷ ಹೇಳದೆ ಇವರನ್ನು ಜೋಡಿಸುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಆಮೇಲೆ ಸೋಲುಗಳನ್ನು ಹುಡುಕುತ್ತೇನೆ. ಗೆಲುವಿನ ಪಟ್ಟಿಯಿಂದ ನನಗೆ ಹೆಚ್ಚೇನೂ ಸಿಗುವುದಿಲ್ಲ. ‘ಅವನು ಇವನನ್ನು ಸೋಲಿಸಿದ, ಇವನು ಮತ್ತೊಬ್ಬನನ್ನು ಸೋಲಿಸಿದ’ ಎಂಬ ಲೆಕ್ಕ ಬಾಕ್ಸಿಂಗ್‌ನಲ್ಲಿ ನಡೆಯುವುದೂ ಇಲ್ಲ. ಅಮೆರಿಕದ ಡುವೇನ್ ಬಾಬಿಕ್ 1971ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಸ್ಟೀವನ್‌ಸನ್‌ನನ್ನು ಸೋಲಿಸಿದ. ಮರುವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅದೇ ಬಾಬಿಕ್ ಮೂರನೇ ಸುತ್ತಿನಲ್ಲಿ ನೆಲಕ್ಕುರುಳಿದ. ಸೋವಿಯತ್‌ನ ಇಗೊರ್ ವಿಸೊಟ್ಸ್ಕಿಯ ಕಥೆ ಬೇರೆ. 1973ರಲ್ಲಿ ಕ್ಯೂಬಾದಲ್ಲೇ ಸ್ಟೀವನ್‌ಸನ್‌ನನ್ನು ಸೋಲಿಸಿದ, 1976ರಲ್ಲಿ ಮಿನ್ಸ್ಕ್‌ನಲ್ಲಿ ಪಂದ್ಯ ಪೂರ್ತಿಯಾಗಲೂ ಬಿಡಲಿಲ್ಲ. ಆದರೂ ಅವನು ಒಲಿಂಪಿಕ್ಸ್ ರಿಂಗ್ ಹತ್ತಲೇ ಇಲ್ಲ. ನನ್ನ ಮನಸ್ಸಿಗೆ ಅತಿ ಹತ್ತಿರದ ಕಾಲ್ಪನಿಕ ಪಂದ್ಯ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸ್ಟೀವನ್‌ಸನ್ ಮತ್ತು ವಿಸೊಟ್ಸ್ಕಿಯದು.

ಅದನ್ನು ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಪಂದ್ಯದಲ್ಲಿ, ಮಾಡಿಸಿ ನೋಡಿದ್ದೇನೆ. ಸ್ಟೀವನ್‌ಸನ್ ಆಗುವ ಎತ್ತರದ ಹುಡುಗನಿಗೆ ಎಡಗೈ ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪಂಚ್), ಹಿಂದೆಯೇ ನೇರ ಬಲಗೈ. ಇಷ್ಟೇ ಆಡಬೇಕು. ವಿಸೊಟ್ಸ್ಕಿ ಆಗುವ ಗಿಡ್ಡ ಹುಡುಗ ಮುನ್ನುಗ್ಗುತ್ತಲೇ ಇರಬೇಕು. ಜ್ಯಾಬ್ ಬಂದಾಗ ಅವನು ತಲೆಯನ್ನು ತನ್ನ ಎಡಕ್ಕೆ ಸರಿಸಿದರೆ ಕಾದಿರುವ ಬಲಗೈಗೆ ತಾನೇ ಮುಖ ಒಡ್ಡಿದ ಹಾಗೆ. ಬಲಕ್ಕೆ ಸರಿದು ಮೊಣಕಾಲು ಬಗ್ಗಿಸಿದರೆ ಭಾರ ಬಲಗಾಲಿನ ಮೇಲೆ ಕೂರುತ್ತದೆ. ಎತ್ತರದವನ ಜ್ಯಾಬ್ ಹೊಡೆದ ಕೈ ಕೆನ್ನೆಗೆ ಮರಳದೆ ಎದೆಮಟ್ಟಕ್ಕೆ ಇಳಿದರೆ ಅದರ ಮೇಲಿಂದ ಗಿಡ್ಡನ ಬಲಗೈ ಹೋಗುತ್ತದೆ, ಬೆನ್ನಿಗೇ ಎಡ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಪಂಚ್). ಸುತ್ತು ಕಳೆದಂತೆ ಎತ್ತರದವನ ಕೈ ಭಾರವಾಗಿ ಜ್ಯಾಬ್ ಇಳಿಯತೊಡಗುತ್ತದೆ. ಅದಕ್ಕೇ ಮಾಂಟ್ರಿಯಲ್ ಪಂದ್ಯವನ್ನು ನಾನು ವಿಸೊಟ್ಸ್ಕಿಗೇ ಕೊಡುತ್ತೇನೆ, ಅದೂ ಕೊನೆಯ ಸುತ್ತಿನಲ್ಲಿ. ಮೊದಲ ಸುತ್ತು ಅವನಿಗೆ ಗಂಡಾಂತರದ್ದು. ಅದೇ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಾನ್ ಟೇಟ್ ಮೊದಲ ಸುತ್ತು ಮುಗಿಯುವ ಮೊದಲೇ ಸ್ಟೀವನ್‌ಸನ್‌ನ ಬಲಗೈಗೆ ಬಿದ್ದಿದ್ದ.

ಇನ್ನು ಸಾವೊನ್. ಅವನ ಮೂರೂ ಒಲಿಂಪಿಕ್ ಚಿನ್ನ ಬಂದದ್ದು ಕಂಪ್ಯೂಟರ್ ಅಂಕದ ಕಾಲದಲ್ಲಿ. ಐವರು ತೀರ್ಪುಗಾರರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರಷ್ಟೇ ಅಂಕ. ದೂರದಿಂದ ಮುಖಕ್ಕೆ ನೇರವಾಗಿ ಬಿದ್ದ ಪಂಚ್ ಮೂವರ ಕಣ್ಣಿಗೂ ಬೀಳುತ್ತದೆ; ಒಳಗೆ ನುಗ್ಗಿ ಪಕ್ಕೆಗೆ ಕೊಟ್ಟ ಏಟು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಸಾವೊನ್‌ನ ಉದ್ದ ಕೈಗೆ ಹೇಳಿ ಮಾಡಿಸಿದ ಪದ್ಧತಿ ಅದು. ಅದರಡಿ ಸ್ಟೀವನ್‌ಸನ್ 91 ಕೆ.ಜಿ.ಗೆ ಇಳಿದು ಬರಬೇಕು. ತೂಕ ಇಳಿಸಿ ಬಂದವನ ಕಾಲು ಕೊನೆಯ ಸುತ್ತಿನಲ್ಲಿ ಹೇಗಿರುತ್ತದೆ ಎಂದು ಕಣ್ಣಾರೆ ಕಂಡ ನಾನು ಆ ಪಂದ್ಯದಲ್ಲಿ ಸಾವೊನ್‌ಗೆ ಪಾಯಿಂಟ್ ಮೇಲೆ ಗೆಲುವು ಬರೆಯುತ್ತೇನೆ. ಹೆಡ್‌ಗಾರ್ಡ್ ತೆಗೆದು, ತೂಕದ ಮಿತಿ ತೆಗೆದು, ಮೂರು ನಿಮಿಷದ ಮೂರು ಸುತ್ತು ಇಟ್ಟರೆ ಸ್ಟೀವನ್‌ಸನ್, ಎರಡನೇ ಸುತ್ತಿನಲ್ಲಿ, ಬಲಗೈಯಿಂದ.