ನ್ಯೂಜಿಲೆಂಡ್‌ನಲ್ಲಿ ಮಗು ರಗ್ಬಿ ಆಡಲು ಹೊರಟರೆ

ನ್ಯೂಜಿಲೆಂಡಿಗೆ ಬಂದು ಒಂದೆರಡು ವರ್ಷವಾದ ಕನ್ನಡದ ಮನೆಗಳಿಂದ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮಗನಿಗೆ ರಗ್ಬಿ ಹುಚ್ಚು ಹಿಡಿದಿದೆ, ಆಲ್ ಬ್ಲ್ಯಾಕ್ಸ್ ಸೇರಬೇಕಂತೆ. ಅರ್ಜಿ ಎಲ್ಲಿ ಹಾಕಬೇಕು? ಒಳ್ಳೆ ಅಕಾಡೆಮಿ ಯಾವುದು?’

ಅರ್ಜಿ ಅಂತ ಒಂದಿಲ್ಲ. ಫೀಸು ಕಟ್ಟಿ ಸೇರಿಸಿದರೆ ಆಲ್ ಬ್ಲ್ಯಾಕ್ಸ್ ಎಂಬ ಈ ರಾಷ್ಟ್ರೀಯ ತಂಡದವರೆಗೆ ಮುಟ್ಟಿಸುವ ಕೋಚಿಂಗ್ ಕ್ಲಾಸೂ ಇಲ್ಲ. ದಾರಿ ಶುರುವಾಗುವುದು ಮನೆ ಹತ್ತಿರದ ಕ್ಲಬ್ಬಿನಿಂದ. ಅಲ್ಲಿಂದ ಹೈಸ್ಕೂಲ್ ತಂಡ, ಆಮೇಲೆ ಪ್ರಾಂತ್ಯ. ಆಟಗಾರರನ್ನು ಆರಿಸುವವರು ತಾವಾಗಿಯೇ ಮೈದಾನಕ್ಕೆ ಬಂದು ನೋಡುತ್ತಾರೆ. ಎಂಟ್ರೆನ್ಸ್ ಪರೀಕ್ಷೆಗಳ ನಡುವೆ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ. ಆದರೂ ಮೊದಲು ಇದನ್ನು ನಂಬಿ.

ದೇಶದಲ್ಲಿ 26 ಪ್ರಾಂತೀಯ ರಗ್ಬಿ ಯೂನಿಯನ್‌ಗಳಿವೆ, ಒಂದೊಂದರ ಕೆಳಗೂ ಊರಿನ ಕ್ಲಬ್ಬುಗಳಿವೆ. ಇಲ್ಲಿ ರಗ್ಬಿ ಚಳಿಗಾಲದ ಆಟ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಕ್ಲಬ್ಬುಗಳು ನೋಂದಣಿ ಶುರು ಮಾಡುತ್ತವೆ. ಐದು ವರ್ಷ ತುಂಬಿದ ಮಗು ಸೇರಬಹುದು.

ಪುಟ್ಟ ಮಕ್ಕಳು ಆಡುವುದು ರಿಪ್ಪಾ ರಗ್ಬಿ. ಸೊಂಟಕ್ಕೊಂದು ಬೆಲ್ಟು, ಅದರ ಎರಡೂ ಬದಿಗೆ ಅಂಟಿಸಿದ ಬಣ್ಣದ ಪಟ್ಟಿ. ಚೆಂಡು ಹಿಡಿದು ಓಡುವವನನ್ನು ಕೆಡವುವಂತಿಲ್ಲ, ಅವನ ಪಟ್ಟಿ ಕಿತ್ತುಕೊಳ್ಳಬೇಕು. ಕಿತ್ತ ಮಗು ಪಟ್ಟಿಯನ್ನು ಮೇಲೆತ್ತಿ ‘ರಿಪ್ಪಾ!’ ಎಂದು ಕೂಗುತ್ತದೆ, ಚೆಂಡು ಹಿಡಿದವನು ಪಾಸ್ ಮಾಡಲೇಬೇಕು. ನಮ್ಮ ಮಗ ಮೊದಲ ಶನಿವಾರ ಪಟ್ಟಿ ಕಿತ್ತವನೇ ಅದನ್ನು ಹಿಡಿದುಕೊಂಡು ಮೈದಾನದ ಆ ತುದಿಗೆ ಓಡಿಬಿಟ್ಟಿದ್ದ. ಕೋಚ್ ಬೈಯಲಿಲ್ಲ. ಪಕ್ಕಕ್ಕೆ ಕರೆದು, ಕಿತ್ತ ಪಟ್ಟಿಯನ್ನು ಅದರ ಒಡೆಯನ ಕೈಗೇ ಕೊಟ್ಟು ಆಮೇಲೆ ಆಟಕ್ಕೆ ಮರಳಬೇಕು ಎಂದು ತೋರಿಸಿಕೊಟ್ಟರು. ಈ ವಯಸ್ಸಿನ ಆಟದ ತಿರುಳು ಅಷ್ಟೇ: ಓಡು, ಪಾಸ್ ಮಾಡು, ಎದುರಾಳಿಯನ್ನು ಗೌರವಿಸು. ಸ್ಕೋರು ಬರೆದಿಡಬೇಕಾಗಿಲ್ಲ.

ಆ ಕೋಚ್ ಸಂಬಳದವರಲ್ಲ, ತಂಡದ ಇನ್ನೊಂದು ಮಗುವಿನ ಅಪ್ಪ. ಮಕ್ಕಳ ರಗ್ಬಿ ಪೂರ್ತಿ ನಿಂತಿರುವುದು ಇಂಥ ಅಪ್ಪ ಅಮ್ಮಂದಿರ ಮೇಲೆ. ‘ನಮಗೆ ಆಟವೇ ಗೊತ್ತಿಲ್ಲ’ ಎಂದು ನಮ್ಮವರು ಹಿಂದೆ ಸರಿಯುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಕೋನ್ ಜೋಡಿಸಲು, ಬಿಡುವಿನಲ್ಲಿ ಕಿತ್ತಳೆ ಹೆಚ್ಚಿ ಕೊಡಲು ಆಟ ಗೊತ್ತಿರಬೇಕಿಲ್ಲ. ಕಲಿಯುವ ಮನಸ್ಸಿದ್ದರೆ ಕೋಚ್‌ಗಳಿಗಾಗಿ ರಗ್ಬಿಸ್ಮಾರ್ಟ್ ಎಂಬ ಸುರಕ್ಷತಾ ತರಬೇತಿ ಇದೆ.

ಏಳೆಂಟು ವರ್ಷದ ಹೊತ್ತಿಗೆ ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ತಬ್ಬಿ ಕೆಡವುವುದು, ಬರುತ್ತದೆ. ಅಮ್ಮಂದಿರ ನಿದ್ದೆ ಕೆಡುವುದು ಇಲ್ಲಿ. ಭಯ ಸಹಜ, ಅದನ್ನು ಮುಚ್ಚಿಡಬೇಡಿ, ಹೋಗಿ ಅಭ್ಯಾಸ ನೋಡಿ. ಮಕ್ಕಳಿಗೆ ಮೊದಲು ಕಲಿಸುವುದು ಮಂಡಿಯೂರಿ ಟ್ಯಾಕಲ್ ಮಾಡುವುದನ್ನು. ತಲೆ ಎದುರಾಳಿಯ ಮುಂದೆ ಬರಬಾರದು, ಅವನ ಹಿಂಬದಿಗೆ ಕೆನ್ನೆ ಒತ್ತಿಕೊಳ್ಳಬೇಕು. ಭುಜ ತಗುಲಬೇಕು, ತೋಳು ಬಳಸಿ ಹಿಡಿಯಬೇಕು. 2023ರಿಂದ ಕ್ಲಬ್ ಮತ್ತು ಶಾಲಾ ಮಟ್ಟದಲ್ಲಿ ಟ್ಯಾಕಲ್ ಎತ್ತರವನ್ನೂ ಇಳಿಸಿದ್ದಾರೆ: ಮೊದಲು ಹಿಡಿಯುವವನು ಎದೆಮೂಳೆಯಿಂದ ಕೆಳಗೆ, ಹೊಟ್ಟೆಯ ಮಟ್ಟದಲ್ಲೇ ಹಿಡಿಯಬೇಕು. ಮೌತ್‌ಗಾರ್ಡ್ ಕಡ್ಡಾಯ.

ತಲೆಗೆ ಏಟು ಬಿದ್ದು ಕಂಕಷನ್ (ಮಿದುಳಿಗೆ ಪೆಟ್ಟು) ಆಗಿರಬಹುದು ಎನಿಸಿದರೆ ರೆಫ್ರಿ ನೀಲಿ ಕಾರ್ಡ್ ತೋರಿಸುತ್ತಾರೆ. ಅಲ್ಲಿಗೆ ಆ ದಿನದ ಆಟ ಮುಗಿಯಿತು. ಮತ್ತೆ ಆಡಲು ಕನಿಷ್ಠ ಮೂರು ವಾರ ಕಳೆಯಬೇಕು, ಡಾಕ್ಟರ ಒಪ್ಪಿಗೆ ಬೇಕು. ‘ಮುಂದಿನ ವಾರ ಫೈನಲ್, ಒಂದು ಮ್ಯಾಚ್ ಆಡಲು ಬಿಡಿ ಸಾರ್’ ಎಂದು ಕೇಳಲು ಹೋಗಬೇಡಿ. ಕಾರ್ಡ್ ಬಾರದಿದ್ದರೂ ಮಗು ರಾತ್ರಿ ತಲೆನೋವು, ವಾಕರಿಕೆ ಎಂದರೆ ನೀವೇ ಆಟ ನಿಲ್ಲಿಸಿ. ಚಿಕಿತ್ಸೆಯ ವೆಚ್ಚಕ್ಕೆ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ 1974ರಿಂದ ಇದೆ. ತಪ್ಪು ಯಾರದೆಂದು ಕೇಳದೆ ಅಪಘಾತದ ಗಾಯಗಳಿಗೆ ನೆರವಾಗುತ್ತದೆ, ವೀಸಾದ ಮೇಲಿರುವವರನ್ನೂ ಹೊರಗಿಡುವುದಿಲ್ಲ. ಕ್ಲಿನಿಕ್‌ನಲ್ಲಿ ‘ಆಡುವಾಗ ಆದ ಗಾಯ’ ಎಂದು ಹೇಳಿದರೆ ಅವರೇ ಫಾರಂ ಕಳಿಸುತ್ತಾರೆ. ಮೇಲೆ ಒಂದಿಷ್ಟು ಕೈಯಿಂದ ಹೋಗಬಹುದು.

ಇನ್ನು ಮೈಕಟ್ಟು. ಹನ್ನೆರಡರ ಹೊತ್ತಿಗೆ ಸಹಪಾಠಿಗಳಲ್ಲಿ ಕೆಲವರು ನಮ್ಮ ಮಕ್ಕಳಿಗಿಂತ ಒಂದು ತಲೆ ಎತ್ತರ, ಒಂದೂವರೆ ಪಟ್ಟು ತೂಕ ಇರುತ್ತಾರೆ. ಇದಕ್ಕೆಂದೇ ಆಕ್ಲೆಂಡ್‌ನಂಥ ಕಡೆ ವಯಸ್ಸಿನ ಜೊತೆ ತೂಕ ನೋಡಿಯೂ ತಂಡ ಮಾಡುತ್ತಾರೆ. ನಿಮ್ಮ ಯೂನಿಯನ್‌ನಲ್ಲಿ ಹೇಗಿದೆ ಎಂದು ಕೇಳಿ. ಆಟದೊಳಗೂ ಎಲ್ಲ ಜಾಗಕ್ಕೂ ದಪ್ಪ ದೇಹ ಬೇಡ. ಆಲ್ ಬ್ಲ್ಯಾಕ್ಸ್ ಪರ ನೂರಕ್ಕೂ ಹೆಚ್ಚು ಟೆಸ್ಟ್ ಆಡಿದ ಹಾಫ್‌ಬ್ಯಾಕ್ ಆರನ್ ಸ್ಮಿತ್ ಎತ್ತರ ಸುಮಾರು 171 ಸೆಂಟಿಮೀಟರ್. ಪಾಸಿನ ವೇಗ, ಎಡಬಲ ಎರಡೂ ಕಡೆಗೆ ಅಷ್ಟೇ ನಿಖರತೆ, ಇವೇ ಅವರ ಬಂಡವಾಳ. ದೊಡ್ಡವರಿಗೆ 85 ಕಿಲೋ ಒಳಗಿನವರ ರಾಷ್ಟ್ರೀಯ ಕ್ಲಬ್ ಕಪ್ ಕೂಡ ಇದೆ. ಅದೇ ತೂಕದ ನ್ಯೂಜಿಲೆಂಡ್ ತಂಡ 2025ರಲ್ಲಿ ಶ್ರೀಲಂಕಾ ಪ್ರವಾಸ ಮಾಡಿತು. ಹಗುರ ಮೈಯವರಿಗೂ ದೇಶದ ಹೆಸರಲ್ಲಿ ಆಡುವ ದಾರಿ ತೆರೆದಿದ್ದು ನನಗೆ ತುಂಬ ಖುಷಿ ಕೊಟ್ಟ ಸುದ್ದಿ.

ಹೈಸ್ಕೂಲಿನಲ್ಲಿ ಎಲ್ಲರ ಬಾಯಲ್ಲೂ ಫಸ್ಟ್ ಫಿಫ್ಟೀನ್, ಅಂದರೆ ಶಾಲೆಯ ಮುಖ್ಯ ತಂಡ. ಅದರಲ್ಲಿರುವವರು ಬಹುತೇಕ ಹನ್ನೆರಡು, ಹದಿಮೂರನೇ ಇಯರ್‌ನವರು. ಇದಕ್ಕಾಗಿ ಒಂಬತ್ತನೇ ಇಯರ್‌ನಲ್ಲೇ ಹೆಸರಾಂತ ಶಾಲೆಯ ಝೋನ್ (ಆ ಶಾಲೆಗೆ ಸೇರುವ ಹಕ್ಕಿರುವ ಬಡಾವಣೆ) ಹುಡುಕಿ ಮನೆ ಬದಲಿಸುವವರಿದ್ದಾರೆ. ನನ್ನನ್ನು ಕೇಳಿದರೆ ಬೇಡ. ಹದಿಮೂರರಲ್ಲಿ ಮಿಂಚುವವರಲ್ಲಿ ಎಷ್ಟೋ ಮಂದಿ ಬೇಗ ಬೆಳೆದವರು. ಹದಿನೇಳರ ಹೊತ್ತಿಗೆ ಉಳಿದವರೂ ಎತ್ತರವಾಗಿ ಆ ಅಂತರ ಕರಗುತ್ತದೆ. ದೊಡ್ಡ ಶಾಲೆಯ ನಾಲ್ಕನೇ ತಂಡದಲ್ಲಿ ಬೆಂಚಿನ ಮೇಲೆ ಕೂರುವುದಕ್ಕಿಂತ ಸಾಧಾರಣ ಶಾಲೆಯಲ್ಲಿ ಪ್ರತಿ ವಾರ ಪೂರ್ತಿ ಮ್ಯಾಚ್ ಆಡುವುದು ಲೇಸು.

ಅಲ್ಲಿಂದ ಮೇಲೆ ಜಾಲರಿ ಕಿರಿದಾಗುತ್ತದೆ. ಪ್ರಾಂತ್ಯದ ವಯೋಮಿತಿ ತಂಡಗಳು, ಬ್ಲೂಸ್, ಚೀಫ್ಸ್, ಹರಿಕೇನ್ಸ್, ಕ್ರುಸೇಡರ್ಸ್, ಹೈಲ್ಯಾಂಡರ್ಸ್ ಎಂಬ ಐದು ಸೂಪರ್ ರಗ್ಬಿ ತಂಡಗಳ 18ರೊಳಗಿನವರ ಶಿಬಿರಗಳು, ನ್ಯೂಜಿಲೆಂಡ್ ಶಾಲಾ ತಂಡ, ಆಮೇಲೆ 20ರೊಳಗಿನವರ ರಾಷ್ಟ್ರೀಯ ತಂಡ. 2008ರಲ್ಲಿ ಶುರುವಾದ 20ರೊಳಗಿನವರ ವಿಶ್ವ ಟೂರ್ನಿಯ ಮೊದಲ ನಾಲ್ಕೂ ವರ್ಷ ಗೆದ್ದದ್ದು ನ್ಯೂಜಿಲೆಂಡ್. ಇಷ್ಟು ದೂರ ಬರುವವರು ಬೆರಳೆಣಿಕೆಯಷ್ಟು ಮಂದಿ, ಓದು ಬಿಡಿಸಬೇಡಿ.

ಹುಡುಗಿಯರಿಗೆ ದಾರಿ ಈಗ ಹಿಂದೆಂದಿಗಿಂತ ಅಗಲ. ಪ್ರಾಂತ್ಯಗಳ ನಡುವೆ ಫರಾ ಪಾಮರ್ ಕಪ್, 2022ರಿಂದ ಮಹಿಳೆಯರದೇ ಟೂರ್ನಿ ಸೂಪರ್ ರಗ್ಬಿ ಔಪಿಕಿ. ಅದೇ ವರ್ಷ ಈಡನ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ಮಹಿಳಾ ತಂಡ ಬ್ಲ್ಯಾಕ್ ಫರ್ನ್ಸ್ 34–31ರಿಂದ ಇಂಗ್ಲೆಂಡನ್ನು ಸೋಲಿಸಿ ವಿಶ್ವಕಪ್ ಎತ್ತಿದ ಸಂಜೆ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಚೆಂಡು ಕೈಗೆತ್ತಿಕೊಂಡರು. ಹತ್ತಿರದಲ್ಲಿ ಹುಡುಗಿಯರ ತಂಡವಿಲ್ಲ ಎಂದರೆ ಪಕ್ಕದ ಕ್ಲಬ್ಬಿನಲ್ಲಿ ವಿಚಾರಿಸಿ.

ಪೌರತ್ವದ ಗೊಂದಲ ಎಲ್ಲರಿಗೂ ಇದೆ. ಒಂದು ದೇಶಕ್ಕೆ ಆಡಲು ಆಟದ ವಿಶ್ವ ಸಂಸ್ಥೆ ವರ್ಲ್ಡ್ ರಗ್ಬಿ ಮುಖ್ಯವಾಗಿ ನೋಡುವುದು ಪಾಸ್‌ಪೋರ್ಟನ್ನಲ್ಲ. ಆಟಗಾರ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ ಅಮ್ಮ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಹುಟ್ಟಿರಬೇಕು. ಇಲ್ಲವೇ ಸತತ 60 ತಿಂಗಳು ಆ ದೇಶದ ಯೂನಿಯನ್‌ನಲ್ಲಿ ಮಾತ್ರ ನೋಂದಣಿಯಾಗಿರಬೇಕು, ಅಥವಾ ಅಲ್ಲಿ ಒಟ್ಟು ಹತ್ತು ವರ್ಷ ವಾಸವಿದ್ದಿರಬೇಕು. ಹಾಗಾಗಿ ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಈ ನಿಯಮದಂತೆ ನ್ಯೂಜಿಲೆಂಡಿಗೂ ಸಲ್ಲುತ್ತಾರೆ, ಭಾರತಕ್ಕೂ ಸಲ್ಲುತ್ತಾರೆ. ಭಾರತ ತಂಡದ ವಿಷಯದಲ್ಲಿ ಭಾರತ ಸರ್ಕಾರದ ನಿಯಮವನ್ನೂ ಬೇರೆಯಾಗಿ ನೋಡಬೇಕು. ಒಂದು ದೇಶದ ಹಿರಿಯರ ತಂಡಕ್ಕೆ ಆಡಿದ ಮೇಲೆ ಇನ್ನೊಂದಕ್ಕೆ ಹೋಗುವುದು ಸುಲಭವಲ್ಲ. 2022ರಿಂದ ಮೂರು ವರ್ಷದ ಅಂತರ ಬಿಟ್ಟು, ಹುಟ್ಟಿನ ನಂಟಿರುವ ದೇಶಕ್ಕೆ ಒಮ್ಮೆ ಬದಲಾಗಬಹುದು.

ತಂಡದ ಪಟ್ಟಿಯಲ್ಲಿ ಮಗನ ಹೆಸರು ಬಾರದಿದ್ದರೆ ಕೋಚ್‌ಗೆ ನೀವು ಇಮೇಲ್ ಬರೆಯಬೇಡಿ. ಅವನೇ ಹೋಗಿ ‘ನಾನು ಯಾವುದನ್ನು ಸುಧಾರಿಸಿಕೊಳ್ಳಬೇಕು?’ ಎಂದು ಕೇಳಲಿ. ನಮ್ಮವನು ಹದಿನೈದರಲ್ಲಿ ಹಾಗೆ ಕೇಳಿ ಬಂದ ದಿನ ಸಿಕ್ಕ ಉತ್ತರ ‘ನಿನ್ನ ಎಡಗೈ ಪಾಸ್’. ಆವತ್ತಿನಿಂದ ಸಂಜೆ ಹಿತ್ತಲಿನ ಬೇಲಿಗೆ ಟವೆಲ್ ನೇತುಹಾಕಿಕೊಂಡು ಅದಕ್ಕೆ ಎಡಗಡೆಯಿಂದಲೇ ಎಸೆಯುತ್ತಿದ್ದಾನೆ, ಚೆಂಡು ಹೆಕ್ಕಿ ಕೊಡುವ ಕೆಲಸ ನನ್ನದು.